ಪಡ್ಡಿನ ಹಂಚಿನ್ಯಾಗ ಐಸು

ಸ್ವಲ್ಪ ಹತ್ರ ಬರ್ರಿ. ಬಾಗಿಲಾ ಮುಂದ ಮಾಡ್ರಿ. ಈಗ ಹೇಳೂದು ನಿಮ್ಮ ಹೊಟ್ಟ್ಯಾಗ ಇರ್ಲಿ, ನಾ ಹೇಳಿದ್ನಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ನಮ್ಮ ಇಂಡಿ ಓಣ್ಯಾಗ ಇಂಥಾವು ಆಗತಾನ ಇರತಾವ. ಅದೂ ಸರಿಯಾಗಿ ನಾ ಕಿಡಕ್ಯಾಗ ಕುಂತಾಗ ಆಗತಾವ. ಅದಕ್ಕ ನಾನೇನ್ ಮಾಡ್ಲಿ?

ಎದುರಮನಿಗೆ ಗೊಳಸಂಗಿಯಿಂದ ಒಬ್ಬಾಕಿ ಸೊಸಿ ಬಂದಾಳ. ಎಲ್ಲಾರೂ ನೀರಿನ ಐಸ್ ಮಾಡಿದ್ರ ಈಕಿ ಲಿಂಬಿಹಣ್ಣಿನ ಐಸು, ಪುದೀನಾ ಐಸು, ದ್ರಾಕ್ಷಿ ಐಸು ಮಾಡತಾಳ. ಸೋಡಾಕ್ಕ ಹಾಕಿದ್ರ ಕರಗಿದಂಗ ರುಚಿ ಏರತದಂತ. ಬಸ್‌ಸ್ಟ್ಯಾಂಡ್ ದಾರ್ಯಾಗ ಮನಿ. ಬಾಗಿಲ ಮುಂದ ಬೇವಿನ ಗಿಡದ ಬುಡಕ ಟೇಬಲ್ ಹಾಕಿ ಮಾರತೇನಿ ಅಂತ ಹಟಾ ಹಿಡದ್ಲು. ಅತ್ತಿ ಒಂದ ಮಾತು ಹೇಳಿದ್ಲು: "ಮುಂಗಾರಿನ ಮಿರಗದ ಮಳಿ ಬೀಳೂತನಕ ನಡಸು. ಅಷ್ಟರಾಗ ಜನಾ ಹತ್ತಿದ್ರ ಅಂಗಡಿ ನಿಂದು. ಹತ್ತಲಿಲ್ಲಾ, ಟೇಬಲ್ ಒಳಗ ತಂದು ಒಲಿ ಮುಂದ ಕುಂಡ್ರು. ಮತ್ತ ಈ ಮಾತ ಎತ್ತಬಾರದು."

ಆ ಹುಡುಗಿ ಮಾರಿ ನೋಡಬೇಕಿತ್ತು. ಪರೀಕ್ಷಾಕ್ಕ ಕುಂತಾರಂಗ ಇತ್ತು.

೧. ಮುಂಜಾನಿ ನಾಷ್ಟಾ

ಐಸಿನ ಟ್ರೇ ಎರಡ ಇದ್ದವು, ಸಾಲಲಿಲ್ಲ. ಈ ಜಾಣಿ ತವರಮನಿಯಿಂದ ತಂದ ಪಡ್ಡಿನ ಹಂಚಿನ್ಯಾಗ ಮಜ್ಜಿಗಿ ಹೊಯ್ದು ಫ್ರಿಜ್ಜಿನ ಮ್ಯಾಲಿನ ಖಣದಾಗ ಇಟ್ಲು. ಮಜ್ಜಿಗ್ಯಾಗ ಹಸಿಮೆಣಸಿನಕಾಯಿ, ಕೊತಂಬರಿ, ಕರಿಬೇವು ಹೆಚ್ಚಿ ಹಾಕಿದ್ಲು. ಮುಂಜಾನಿ ತಗದು, ಸ್ವಲ್ಪ ಸಡಲಾಗಲಿ ಅಂತ ಆರಿದ ಗ್ಯಾಸಿನ ಮ್ಯಾಲೆ ಇಟ್ಟು ನೀರಿಗೆ ಹೋದ್ಲು.

ಅತ್ತಿ ಎದ್ದು ಬಂದ್ಲು. ಒಲಿ ಮ್ಯಾಲೆ ಪಡ್ಡಿನ ಹಂಚು, ಗುಳಿಯೊಳಗ ಬೆಳ್ಳಗ, ನಡುವ ಹಸಿಮೆಣಸಿನಕಾಯಿ. "ಹಿಟ್ಟ ಹೊಯ್ದು ಒಲಿ ಹಚ್ಚೂದ ಮರತಾಳ ನೋಡು" ಅಂತ ಗ್ಯಾಸ್ ಹಚ್ಚಿದ್ಲು. ಗುಳಿಗೊಂದು ಚಮಚ ಎಣ್ಣಿ ಬಿಟ್ಲು, ಮುಚ್ಚಿಟ್ಲು. ಮಾವ ಗಂಗಾಳದಾಗ ಚಟ್ನಿ ಹಾಕ್ಕೊಂಡು ತಯಾರಾಗಿ ಕುಂತಾ.

ಮುಚ್ಚಳಾ ತಗದ್ಲು ನೋಡ್ರಿ, ಪಡ್ಡೂ ಇಲ್ಲ, ಹಿಟ್ಟೂ ಇಲ್ಲ, ಹಂಚಿನ ತುಂಬ ನೀರು ಕುದ್ಯಾಕತ್ತೇತಿ! "ಯವ್ವಾ, ಹಿಟ್ಟ ಎಲ್ಲಿ ಹೋತು!" ಅಂತ ಆಕಿ ಚೀರಿದ್ದು ನಮ್ಮ ಹಿತ್ತಲಕ್ಕ ಕೇಳ್ತು.

ಮಾವ ಎದ್ದು ಬಂದು ಬಗ್ಗಿ ನೋಡಿ, ಚಮಚಾ ಅದ್ದಿ ನೆಕ್ಕಿದಾ. "ಒಗ್ಗರಣಿ ಮಜ್ಜಿಗಿ ಛಲೋ ಆಗೇತಿ. ಇನ್ನ ಅನ್ನ ಯಾವ ಹಂಚಿನ್ಯಾಗ ಐತಿ?"

೨. ನೊಣ

ನನ್ನ ತಂಗಿಯ ಮೊಮ್ಮಗಳನ್ನ ಕನ್ಯಾ ನೋಡಾಕ ಯಂಕಂಚಿಯಿಂದ ಬೀಗರು ಬಂದಿದ್ರು. "ಎದುರಮನಿ ಹುಡುಗಿ ಕಡೆ ಶರಬತ್ತ ಹೇಳಬ್ಯಾಡ, ಏನರೆ ಎಡವಟ್ಟ ಮಾಡತಾಳ" ಅಂತ ನಾ ತಂಗಿಗೆ ಬಡಕೊಂಡೆ. ಕೇಳಲಿಲ್ಲ.

ಗ್ಲಾಸು ಬಂದ್ವು. ಲಿಂಬಿ ಐಸು, ಕನ್ನಡಿಯಂಗ ಹೊಳ್ಯಾಕತ್ತಿತ್ತು. ಪ್ರತಿ ಐಸಿನ ನಟ್ಟನಡುವ ಕರ್ರಗ ಏನೋ ಕುಂತಿತ್ತು.

ಹುಡುಗನ ಅವ್ವ ಗ್ಲಾಸು ಎತ್ತಿ ಬೆಳಕಿಗೆ ಹಿಡದ್ಲು. "ನೊಣ!"

ನಮ್ಮ ತಂಗಿ ಮಾರಿ ಸುಣ್ಣಾ ಬಡದಂಗ ಆತು. ನಾ? ಸುಳ್ಳ ಯಾಕ ಹೇಳ್ಲಿ, ನನಗ ಒಳಗ ಖುಷಿ. ಅಷ್ಟರಾಗ ಆ ಹುಡುಗ ಐಸು ಬಾಯಾಗ ಹಾಕ್ಕೊಂಡು ಕಟಕಟ ಕಡದಾ.

"ಉಗಳೋ ಖೋಡಿ!" ಅವ್ವ ಬೆನ್ನಿಗೆ ಗುದ್ದಿದ್ಲು.

"ಯವ್ವಾ, ಮಣೂಕ ಐತಿ, ಒಣದ್ರಾಕ್ಷಿ. ನೊಣ ಇಷ್ಟ ಸಿಹಿ ಇರಂಗಿಲ್ಲ."

ಬಾಗಿಲ ಹಿಂದಿಂದ ಕನ್ಯಾದ ದನಿ ಬಂತು: "ಮೊದ್ಲ ನೊಣಾ ತಿಂದ ನೋಡ್ಯಾರೇನ್ ಕೇಳ್ರಿ."

ಮುಗೀತು, ಸಂಬಂಧ ಮುರೀತು ಅಂದಕೊಂಡೆ. ಹುಡುಗನ ಅವ್ವ ಗ್ಲಾಸು ಕೆಳಗಿಟ್ಟು ಅಂದ್ಲು: "ಈಕೀನ ಇರ್ಲಿ. ನನ್ನ ಮಗ ಏನ್ ಕೊಟ್ರೂ ಬಾಯಾಗ ಹಾಕ್ಕೋತಾನ, ಕೇಳಾವ್ರೊಬ್ರು ಬೇಕು."

೩. ಕೆಂಪ ಐಸು

ಇಷ್ಟೆಲ್ಲಾ ಆದ್ರೂ ಟೇಬಲ್ಲಿಗೆ ಜನಾ ಬರಲಿಲ್ಲ. ಮಿರಗ ಹತ್ರ ಬಂತು. ಹುಡುಗಿ ಬೇವಿನ ಗಿಡದ ಕೆಳಗ ಒಬ್ಬಾಕಿ ಕುಂತು ನೊಣಾ ಝಾಡಿಸಾಕತ್ತಿದ್ಲು. ಅತ್ತಿ ಒಳಗಿಂದ ದಿನಾ ಮುಗಿಲ ನೋಡಾಕಿ.

ಒಂದಿನ ಕಿಡಕ್ಯಾಗಿಂದ ಏನ ನೋಡ್ತೇನಿ, ಇಬ್ರು ಗಂಡಸ್ರು ಕುಂತಾರ. ಈಕಿ ಸೋಡಾದಾಗ ಕಪ್ಪ ದ್ರಾಕ್ಷಿ ಐಸು ಬಿಟ್ಲು. ಸೋಡಾ ಕೆಂಪಾತು. ಕುಡದಾವ ಕಣ್ಣ ಮುಚ್ಚಿ, ಮೀಸಿ ಒರಸಿಕೊಂಡು "ಆಹಾ" ಅಂದಾ.

ನಾ ಹೋಗಿ ಎರಡ ಮನ್ಯಾಗ ಹೇಳಿದ್ದು ಇಷ್ಟ: "ಬಣ್ಣ ಕೆಂಪೈತಿ, ಕುಡದಾವ್ರು ಕಣ್ಣ ಮುಚ್ಚತಾರ." ಉಳದದ್ದು ಓಣಿಯವ್ರು ಸೇರಿಸಿದ್ದು. ಸಂಜಿಗೆ ತಿರಗಿ ನನ್ನ ಕಿವಿಗೆ ಬಂದಾಗ ಅದು ವೈನಿನ ಐಸ್ ಆಗಿತ್ತು!

ಮರುದಿನ ಅಂಗಡಿ ಮುಂದ ನಿಲ್ಲಾಕ ಜಾಗಾ ಇಲ್ಲ. ಸಿಂದಗಿ ಬಸ್ಸಿನಿಂದ ಇಳದಾವ್ರು, ಮುದ್ದೇಬಿಹಾಳದಾವ್ರು, ಬಾಗೇವಾಡಿಯವ್ರು, ಮಾರಿಗೆ ಟವೆಲ್ ಸುತ್ತಕೊಂಡು ಬಂದು "ತಂಗೀ, ಆ ಕೆಂಪಂದು ಒಂದು" ಅಂತ ಪಿಸಿಪಿಸಿ. ಹುಡುಗಿಗೆ ಏನೂ ಗೊತ್ತಿಲ್ಲ. "ಒಂದ್ಯಾಕ್ರಿ, ಎರಡ ತಗೋರಿ" ಅಂತಾಳ!

ತಾಂಬಾ ಊರಾವ ಒಬ್ಬ ನಾಕ ಗ್ಲಾಸು ಇಳಿಸಿದಾ. ಎದ್ದಾ, ಗ್ವಾಡಿ ಹಿಡದಾ, ಕಾಲ ಸೊಟ್ಟ ಬೀಳಾಕತ್ತಿದ್ವು. ಯಾರ ಸುದ್ದಿ ಮುಟ್ಟಿಸಿದ್ರೋ, ಪ್ಯಾಟಿಗೆ ಬಂದಿದ್ದ ಹೆಂಡತಿ ಅಲ್ಲೇ ಹಾಜರ್. ಕೈಯಾಗ ಹೊಸಾ ಕಸಬರಗಿ, ಆಗಷ್ಟ ತಗೊಂಡದ್ದು. "ಏನ ಕುಡಿಸಿದಿ ನನ್ನ ಗಂಡಗ?" ಅಂತ ಟೇಬಲ್ ಬಡದ್ಲು.

ಹುಡುಗಿ ಅಂಜಲಿಲ್ಲ. "ಬಿಸಲಾಗ ಬಂದೀರಿ, ಕುಂಡ್ರಿ" ಅಂತ ಗ್ಲಾಸು ಕೊಟ್ಲು. ಹೆಂಡತಿ ಮೂಸಿದ್ಲು, ಒಂದ ಗುಟುಕ ಕುಡದ್ಲು, ಪೂರಾ ಕುಡದ್ಲು.

"ಇದರಾಗ ಏನೂ ಇಲ್ಲಲ್ಲೋ! ಬರೇ ದ್ರಾಕ್ಷಿ!"

"ಏನೂ ಇಲ್ಲೇನು?" ಅಂದಾವ ಗ್ವಾಡಿ ಬಿಟ್ಟು ನೆಟ್ಟಗ ನಿಂತಾ.

ಸುತ್ತ ನಿಂತ ಜನಾ ಬಿದ್ದು ಬಿದ್ದು ನಕ್ರು. ಆ ಹೆಂಡತಿ ಇನ್ನೊಂದು ಗ್ಲಾಸು ಕುಡದ್ಲು. ಮರುದಿನದಿಂದ ಹೆಣ್ಣಮಕ್ಕಳೂ ಬರಾಕತ್ರು. ಮಿರಗದ ಮಳಿ ಬಿತ್ತು, ಛತ್ರಿ ಹಿಡಕೊಂಡು ಬಂದ್ರು. ಟೇಬಲ್ ಒಳಗ ಹೋಗಲಿಲ್ಲ. ಬದಲಿ ಅತ್ತಿ ತಾನ ನಿಂತು ಆಳೆತ್ತರದ ಹೊಸಾ ಐಸ್ ಪೆಟ್ಟಿಗಿ ಇಳಿಸಿಕೊಂಡ್ಲು.

ಪೆಟ್ಟಿಗಿ ಇಳದ ಮ್ಯಾಲೆ ಅತ್ತಿ ಸೆರಗ ಸಿಕ್ಕಿಸಿಕೊಂಡು ಸೀದಾ ನನ್ನ ಬಾಗಿಲಿಗೆ ಬಂದ್ಲು. ವೈನಿನ ಮಾತು ಎಲ್ಲಿಂದ ಹುಟ್ಟೇತಿ ಅಂತ ಈಕಿಗೆ ಗೊತ್ತಾಗೇತಿ ಅಂದಕೊಂಡೆ. "ಕುಂಡ್ರ ಬಾ, ಚಾ ಮಾಡ್ತೇನಿ" ಅಂದೆ. ಕುಂಡ್ರಲಿಲ್ಲ. ಹೊಸ್ತಿಲದಾಗ ನಿಂತು, ನನ್ನ ಮಾರಿ ಮ್ಯಾಲೇ ಅಂದ್ಲು:

"ಯಕ್ಕಾ, ನಾಳಿಯಿಂದ ದಾಳಿಂಬ್ರ ಐಸ್ ಚಾಲೂ ಮಾಡಾಕತ್ತೇವಿ. ಅದರ ಮ್ಯಾಲೂ ಏನರೆ ಒಂದ ಕೆಟ್ಟ ಮಾತ ಹಬ್ಬಸ."