ಎಡಗಿವಿಯ ಕುರಿಗೆ ಬಲಗಿವಿಯ ತೀರ್ಪು

ಮಾನ್ಯ ಗೋವರ್ಧನ ಅವರೇ,

‘ಬಿ.ಜಿ. ಕೆರೆ ಕುರಿ ಬಳಗ’ ಎಂಬ ವಾಟ್ಸಾಪ್ ಗುಂಪಿನ ಅಡ್ಮಿನ್ ಆಗಿ, ಕೋಳಿ ಕೂಗುವ ಮೊದಲೇ ಗುಲಾಬಿಯ ಶುಭೋದಯ ಕಳಿಸಿ ಊರನ್ನೆಲ್ಲ ಎಬ್ಬಿಸುವ ತಮಗೆ ನನ್ನ, ನಮ್ಮವ್ವ ಪಾತಮ್ಮನ ಮತ್ತು ತಮ್ಮ ಗುಲಾಬಿಗಳಿಂದಲೇ ಹೊಟ್ಟೆ ತುಂಬಿ ಉಸಿರು ಕಟ್ಟಿರುವ ನನ್ನ ಫೋನಿನ ನಮಸ್ಕಾರಗಳು.

ಹೋದ ವಾರ ನಮ್ಮ ಕುರಿ ಕೆಂಚಿ ಮೇಯಲು ಹೋದದ್ದು ಹಟ್ಟಿಗೆ ಮರಳಲಿಲ್ಲ. ತಾಯಿ ಸತ್ತ ಮರಿಯೆಂದು ಅವ್ವ ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಕಂಬಳಿಯೊಳಗೇ ಮಲಗಿಸಿಕೊಂಡು ಬೆಳೆಸಿದ್ದು ಅದು. ಅದು ಕಾಣೆಯಾದಾಗಿನಿಂದ ಅವ್ವ ಮುದ್ದೆ ಮುಟ್ಟದೆ ಬಾಗಿಲಲ್ಲೇ ಕೂತಳು. ಸಂಕಟ ತಾಳಲಾರದೆ ನಾನು ಕೆಂಚಿಯ ಜೊತೆ ತೆಗೆದುಕೊಂಡಿದ್ದ ಸೆಲ್ಫಿಯನ್ನು ಗುಂಪಿಗೆ ಹಾಕಿ, ಎಡಗಿವಿಯ ತುದಿ ಕತ್ತರಿಸಿದ ನಮ್ಮ ಮನೆಯ ಗುರುತಿದೆ, ಕಂಡವರು ದಯಮಾಡಿ ತಿಳಿಸಿ ಎಂದು ಬೇಡಿಕೊಂಡೆ.

ಅಲ್ಲಿಂದ ಶುರುವಾಯಿತು ತಮ್ಮ ವಿದ್ವತ್ ಸಭೆ. ಫೋಟೊದಲ್ಲಿ ಗುರುತು ಬಲಗಿವಿಯಲ್ಲಿದೆ ಎಂದು ಜಂಪಣ್ಣನವರು ಪತ್ತೆಹಚ್ಚಿದರು. “ಕಿವಿ ಯಾವ್ದಂತ ಗೊತ್ತಿಲ್ದೋರು ಕುರಿ ಯಾಕ್ ಸಾಕ್ತಾರೋ” ಎಂದು ಓಬಯ್ಯನವರು ವಾಯ್ಸ್ ಮೆಸೇಜಿನಲ್ಲಿ ಮಾತಾಡಿ ಕಳಿಸಿದರು. ಬಾಡೂಟದ ಎಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಕುರಿ ಕಾಣದವರೂ ಅಭಿಪ್ರಾಯ ಕೊಟ್ಟರು. ಸೆಲ್ಫಿಯಲ್ಲಿ ಕನ್ನಡಿಯ ಹಾಗೆ ಎಡ ಬಲ ಅದಲುಬದಲಾಗುತ್ತದೆ ಎಂದು ನಾನು ಬರೆದದ್ದು ತಮ್ಮ ಗುಲಾಬಿಗಳ ಅಡಿಯಲ್ಲಿ ಹೂತುಹೋಯಿತು.

ಈ ಗದ್ದಲದ ನಡುವೆಯೇ ಸಿದ್ದಾಪುರದ ಸೂರಮ್ಮ, “ಎಡಗಿವಿ ಕೊಯ್ದಿರೋ ಕುರಿ ನಮ್ಮ ಮಂದೇಲಿ ಸೇರ್ಕಂಡೈತೆ, ಯಾರದ್ದು ಬಂದು ಹಿಡ್ಕಂಡೋಗ್ರಿ” ಎಂದು ವಾಯ್ಸ್ ಮೆಸೇಜಿನಲ್ಲೇ ಕೂಗಿ ಹೇಳಿದರು. ತಾವು ಕೂಡಲೇ, ಪಾತಮ್ಮನದು ಬಲಗಿವಿಯ ಕುರಿ, ಆದ್ದರಿಂದ ಇದು ತಮ್ಮ ಕುರಿಗಳಿಗೆ ಎಡಗಿವಿ ಕೊಯ್ಯುವ ದೊಡ್ಡೀರಪ್ಪನವರದೇ ಎಂದು ತೀರ್ಪು ಕೊಟ್ಟಿರಿ. ಅವರೂ ಹೆಬ್ಬೆರಳೆತ್ತಿ, ಚಳ್ಳಕೆರೆ ಸಂತೆಗೆ ಹೊಡೆದುಕೊಂಡು ಹೋಗಿ ಮಾರುವುದಾಗಿ ಘೋಷಿಸಿದರು. ಸಿದ್ದಾಪುರದ ಗುಡ್ಡದಲ್ಲಿ ಇನ್ನೂ ಬಂಡೆಗಳು ಖಾಲಿ ಇರುವುದರಿಂದ, ಅಶೋಕನ ಶಾಸನದ ಆಸುಪಾಸಿನಲ್ಲೇ ಈ ತೀರ್ಪನ್ನೂ ಕೆತ್ತಿಸಬೇಕೆಂದು ನನ್ನ ಪ್ರಾರ್ಥನೆ.

ತೀರ್ಪು ಓದಿ ಹೇಳಿದಾಗ ಅವ್ವ ಸೆರಗು ಬಿಗಿದು ಎದ್ದಳು. “ಕಿವಿ ಸುದ್ದಿ ಅತ್ಲಾಗಿರ್ಲಿ. ನನ್ ದನಿ ಅದಕ್ಕೆ ಗೊತ್ತೈತೆ, ನಡಿಯೇ” ಎಂದಳು. ನಾವು ಸೂರಮ್ಮನವರ ಹಟ್ಟಿಗೆ ಹೋಗುವಷ್ಟರಲ್ಲಿ ದೊಡ್ಡೀರಪ್ಪನವರು ಕುರಿಯ ಕೊರಳಿಗೆ ಹಗ್ಗ ಬಿಗಿದಾಗಿತ್ತು. ಅವ್ವ ಬೇಲಿಯಾಚೆಯಿಂದ ಒಂದೇ ಸಲ ಕೆಂಚೀ ಎಂದು ಕರೆದಳು. ಕುರಿ ಹಗ್ಗದ ಜೊತೆ ಅವರನ್ನೂ ಎಳೆದುಕೊಂಡು ಬಂದು ಅವ್ವನ ಮಡಿಲಿಗೆ ಮುಖ ತುರುಕಿತು. ಅವರೇ ಹಗ್ಗ ಬಿಚ್ಚಿ, “ನಿಂದೇ ಕಣವ್ವ, ಹೊಡ್ಕಂಡೋಗು” ಎಂದರು. ಅಂದು ನಮ್ಮವ್ವ ಉಂಡಳು.

ಇನ್ನು ಮುಂದೆ ತಮ್ಮ ಶುಭೋದಯಗಳನ್ನು ನೇರವಾಗಿ ಸೂರ್ಯನಿಗೇ ಕಳಿಸಿ, ಕಳೆದುಹೋದ ಕುರಿಗಳಿಗೆ ಗುಂಪಿನಲ್ಲಿ ಒಂದಿಷ್ಟು ಜಾಗ ಬಿಡಬೇಕಾಗಿ ವಿನಂತಿ.

ಗುಂಪು ಬಿಡಲು ಧೈರ್ಯ ಸಾಲದ ತಮ್ಮ ವಿಶ್ವಾಸಿ,
ಗಂಗಲಕ್ಷ್ಮಿ

ಮರೆತ ಮಾತು: ‘ಕುರಿ ಸಿಕ್ಕಿದ್ದು ನಮ್ಮ ಬಳಗದ ಶ್ರಮದಿಂದ’ ಎಂದು ತಾವು ನಿನ್ನೆ ಹಾಕಿದ ಸೆಲ್ಫಿ ನೋಡಿದೆ. ತಮ್ಮ ಎಡಗೆನ್ನೆಯ ಮಚ್ಚೆ ಅದರಲ್ಲಿ ಬಲಗೆನ್ನೆಗೆ ಬಂದಿದೆ. ಅದು ತಾವೇ ಹೌದೋ ಅಲ್ಲವೋ ಎಂದು ಗುಂಪು ತೀರ್ಮಾನಿಸುವವರೆಗೆ ಮನೆಯಿಂದ ಹೊರಗೆ ಬರಬೇಡಿ. ಯಾರಾದರೂ ತಮ್ಮನ್ನು ‘ನಂದೇ’ ಎಂದು ಸಂತೆಗೆ ಹೊಡೆದುಕೊಂಡು ಹೋದರೆ, ಕರೆದ ದನಿಗೆ ತಾವು ಓಡಿ ಬರುತ್ತೀರೆಂಬ ನಂಬಿಕೆ ನನಗಿಲ್ಲ.