ಕಾಕಾ ಕಟ್ಟಿದ ಎರಡು ವಾಚು

ನಮ್ಮ ಕಾಕಾ ಕೈಗೆ ವಾಚು ಕಟ್ಟಿದ್ದಾರೆ ಎಂಬ ಸುದ್ದಿ ಫೋನಿನಲ್ಲಿ ಬಂದಾಗ ಕುಡಿಯುತ್ತಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡೆ. ಅದೂ ಒಂದಲ್ಲ, ಎರಡು! ಎರಡೂ ಕೈಗೆ!

ಇದರಲ್ಲಿ ಗಾಬರಿಯಾಗುವಂಥದ್ದೇನು ಅನ್ನುತ್ತೀರಾ? ನೀವು ನಮ್ಮ ಕಾಕಾನನ್ನು ನೋಡಿಲ್ಲ, ಅದಕ್ಕೆ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಸಸಿಗಳಿಗೆ ಕಸಿ ಕಟ್ಟುತ್ತ ಇಡೀ ನೌಕರಿ ಮುಗಿಸಿದ ಈ ಮನುಷ್ಯ ಒಂದು ದಿನವೂ ಗಡಿಯಾರ ನೋಡಿದವರಲ್ಲ. ಮದುವೆಯಲ್ಲಿ ಮಾವ ಕೊಟ್ಟ ವಾಚನ್ನು ಮರುದಿನವೇ ಮೈದುನನ ಕೈಗೆ ಕಟ್ಟಿದ್ದರು. "ನನ್ನ ಹೊಟ್ಟ್ಯಾಗ ದೇವರು ಒಂದು ಗಡಿಯಾರಕ್ಕ ಕೀಲಿ ಕೊಟ್ಟು ಇಟ್ಟಾನ, ಮತ್ತ ಇದ್ಯಾಕ?" ಎಂಬುದು ಅವರ ವಾದ.

ಹುಕ್ಕೇರಿಯಲ್ಲಿ ಒಮ್ಮೆ ಬೀಗರ ಮನೆಯ ನಿಶ್ಚಯ. ಮಾತುಕತೆ ಇನ್ನೂ ನಡೆದಿದೆ, ಕಾಕಾ ಎದ್ದು ಹೋಗಿ ಊಟದ ಪಂಕ್ತಿಯಲ್ಲಿ ಒಬ್ಬರೇ ಕುಳಿತರು!

"ಇನ್ನೂ ಅನ್ನಾ ಆಗಿಲ್ರಿ" ಎಂದ ಅಡುಗೆಯವ.

"ಒಂದು ಹೊಡದೈತಿ. ತಡಾ ಆಗಿದ್ದು ನಿನ್ನ ಅನ್ನ, ನನ್ನ ಹೊಟ್ಟಿ ಅಲ್ಲ!"

ಗೋಡೆಯ ಗಡಿಯಾರ ನೋಡಿದರೆ ಸರಿಯಾಗಿ ಒಂದು ಗಂಟೆ.

ಹೋದ ವರ್ಷ ಕಾಕಿಗೆ ಏನೋ ಆಯಿತು. ಬೆಳಿಗ್ಗೆ ಏಳಲಾಗದು, ಹಗಲೆಲ್ಲ ಸುಸ್ತು. ಒಂದು ದಿನ ರೊಟ್ಟಿ ಬಡಿಯುತ್ತ ಕುಳಿತಲ್ಲೇ ಒರಗಿಬಿಟ್ಟರು. ಗೋಕಾಕದ ಡಾಕ್ಟರಿಗೂ ಕಾಕಾ ತಮ್ಮ ಹೊಟ್ಟೆಯ ಗಡಿಯಾರದ ಕಥೆ ಹೇಳಿದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದ್ದನ್ನು ಕೇಳಿ ಕಾಕಾ ದಂಗಾದರು.

"ಗಡಿಯಾರ ಹೊಟ್ಟ್ಯಾಗಲ್ರಿ, ತಲಿಯಾಗ ಐತಿ. ಅದು ಹೇಳಿದಂಗ ಕಿಡ್ನಿ ಮ್ಯಾಲಿನ ಗ್ರಂಥಿ ನಸುಕಿನ್ಯಾಗ ಒಂದು ಹಾರ್ಮೋನ್ ಬಿಡತಾವು. ಅದು ಡಂಗುರದವನಂಗ ಮೈತುಂಬ ತಿರುಗಿ, ಬೆಳಗಾತು, ಏಳ್ರಿ ಅಂತ ಸಾರತೈತಿ. ಸಂಜಿಗೆ ಅದು ಇಳೀತೈತಿ, ನಿದ್ದಿ ತರೂ ಹಾರ್ಮೋನ್ ಬರತೈತಿ. ಹಿಂಗ ಮೈಗೆ ಹೊತ್ತು ತಪ್ಪೂದಿಲ್ಲ. ಇವರ ಗ್ರಂಥಿ ಕೆಲಸಾ ನಿಲ್ಲಿಸ್ಯಾವು. ಎದ್ದ ಕೂಡಲೆ ಒಂದು ಗುಳಿಗಿ, ಮಧ್ಯಾಹ್ನ ಎರಡಕ್ಕ ಅರ್ಧಾ. ಬಿಟ್ರ ಜೀವಕ್ಕ ಅಪಾಯ."

ಕಾಕಾ ಮನೆಗೆ ಹೋಗುವ ದಾರಿಯಲ್ಲೇ ಎರಡು ವಾಚು ಕೊಂಡರು.

ಮೊನ್ನೆ ಮೂಡಲಗಿಯಲ್ಲಿ ನನ್ನ ತಂಗಿಯ ಮಗಳ ಕುಬಸ, ಅಂದರೆ ಸೀಮಂತ. ಕಾಕಿಯೂ ಸೇರಿ ಹೆಂಗಸರೆಲ್ಲ ಬಸುರಿಯ ಸುತ್ತ ಕುಳಿತು ಹಾಡುತ್ತಿದ್ದಾರೆ, ಗಂಡಸರಿಗೆ ಅಲ್ಲೇನು ಕೆಲಸ? ಎರಡು ಗಂಟೆಯಾಯಿತು ನೋಡಿ, ಕಾಕಾನ ಎರಡು ವಾಚು, ಕಿಸೆಯ ಫೋನು ಒಟ್ಟಿಗೆ ಕೂಗಿಕೊಂಡವು! ಒಂದು ಕೈಯಲ್ಲಿ ಗುಳಿಗೆ, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು ಕಾಕಾ ಹೆಂಗಸರ ನಡುವೆಯೇ ನುಗ್ಗಿದರು. ಹಾಡು ನಿಂತಿತು. ಬಸುರಿ ಕಿರುಚಿದಳು. ಹೊರಗಿದ್ದ ಅವಳ ಗಂಡ ಹೆರಿಗೆ ಬೇನೆಯೇ ಬಂತೆಂದು ಗಾಡಿ ಚಾಲೂ ಮಾಡಿದ!

"ಎಲ್ಲಾರ ಮುಂದ ನನ್ನ ಮಾನಾ ಕಳದ್ರಲ್ರೀ!" ಎಂದರು ಕಾಕಿ.

"ಮಾನಾ ಆಮ್ಯಾಲ ತರೋಣು. ಮೊದಲ ನುಂಗು."

ನಗು ತಡೆಯಲಾಗದೆ ನಾನು ಕಾಕಾನನ್ನು ಹೊರಗೆ ಕರೆತಂದೆ. "ಕಾಕಾ, ಎರಡೆರಡು ವಾಚ್ ಯಾಕ್ರಿ?"

"ಒಂದು ನಿಂತ್ರ?"

"ನಿಮ್ಮ ಹೊಟ್ಟಿ ಐತಲ್ರಿ!"

ಅವರು ನಗಲಿಲ್ಲ. "ನನ್ನ ಹೊಟ್ಟಿ ತಪ್ಪಿದ್ರ ನಾ ಒಂದು ತಾಸು ಹಸಗೊಂಡಿರ್ತೇನಿ, ತಮ್ಮಾ. ಇದು ತಪ್ಪಿದ್ರ ಆಕಿ ಇರೂದಿಲ್ಲ." ವಾಚಿನ ಪಟ್ಟಿ ಬಿಗಿ ಮಾಡುತ್ತ, "ನಾನ ಮೊದಲ ಹೋದ್ರ, ದಿನಾ ಎರಡಕ್ಕ ನೀ ಆಕಿಗೆ ಫೋನ್ ಮಾಡ್ತೀಯಲ್ಲ?" ಎಂದರು.

ನಾನು ಅಲ್ಲೇ ನಿಂತು ನನ್ನ ಫೋನಿನಲ್ಲಿ ಎರಡು ಗಂಟೆಗೆ ಅಲಾರಂ ಇಟ್ಟೆ. ಕಾಕಾ ಕನ್ನಡಕ ಏರಿಸಿ, ನನ್ನ ಫೋನಿನ ಸಮಯವನ್ನು ಎರಡೂ ವಾಚಿಗೆ ತಾಳೆ ನೋಡಿ, ತಲೆಯಾಡಿಸಿದರು.