ಮಾವನ ಬಟ್ಟಲು, ನನ್ನ ಹೊಟ್ಟೆ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಅತ್ತೆಯ ಮೈಗೆ ಸೇರಬೇಕಾಗಿದ್ದ ರಕ್ತದಲ್ಲಿ ಅರ್ಧ ನನ್ನ ಮೈಯಲ್ಲಿ ಓಡಾಡುತ್ತಿದೆ. ಗಾಬರಿಯಾಗಬೇಡಿ! ನಾನು ಹೀರಿದ್ದು ಬರೀ ಹಾಲು, ತಿಂದದ್ದು ಮೊಳಕೆ ಕಾಳು. ಅದೂ ಕದ್ದು ತಿಂದದ್ದಲ್ಲ, ಅತ್ತೆಯೇ ಕರೆದು ಕರೆದು ಕೊಟ್ಟದ್ದು. ಆದರೆ ಕೊಟ್ಟರೆಂದು ತಿನ್ನುತ್ತಲೇ ಕೂತವನನ್ನು ಏನೆಂದು ಕರೆಯಬೇಕು? ನೀವೇ ಹೇಳಿ. ನನ್ನ ತಾಯಿ ಈಗಾಗಲೇ ಒಂದೆರಡು ಹೆಸರು ಕೊಟ್ಟಿದ್ದಾಳೆ. ಅವನ್ನು ಅಚ್ಚು ಹಾಕುವಂತಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಮಾವ, ಎಂದರೆ ನನ್ನ ತಾಯಿಯ ಅಣ್ಣ. ಲೋಕಕ್ಕೆಲ್ಲ ಒಳ್ಳೆಯದನ್ನು ಉಣ್ಣಿಸಿಯೇ ಸಾಯುತ್ತೇನೆಂದು ಹಟ ತೊಟ್ಟ ಮನುಷ್ಯ. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇದ್ದ ಕಾಲವದು. ಐರಣಿಯ ಹೊಳೆದಂಡೆಯಿಂದ ಹಾವೇರಿಯ ಕಾಲೇಜಿಗೆ ದಿನಾ ಓಡಾಡುವುದು ಆಗದ ಮಾತೆಂದು ನನ್ನನ್ನು ಬ್ಯಾಡಗಿಯಲ್ಲಿದ್ದ ಮಾವನ ಮನೆಗೆ ತಂದು ಬಿಟ್ಟಿದ್ದರು. ಮಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ಸುಗ್ಗಿ ಬಂತೆಂದರೆ ಬ್ಯಾಡಗಿಗೆ ಬ್ಯಾಡಗಿಯೇ ಸೀನುತ್ತದೆ. ಬೀದಿಯಲ್ಲಿ ಎದುರಾದವರು ಮೊದಲು ಸೀನಿ ಆಮೇಲೆ ನಮಸ್ಕಾರ ಹೇಳುತ್ತಾರೆ. ಅಂಥ ಊರಲ್ಲಿ, ಅಂಥ ವ್ಯಾಪಾರ ಮಾಡುವ ನಮ್ಮ ಮಾವ ಖಾರ ಮುಟ್ಟುತ್ತಿರಲಿಲ್ಲ!

ತಾವು ಮುಟ್ಟದಿದ್ದರೆ ಹೋಗಲಿ, ಕೊಳ್ಳಲು ಬಂದವರನ್ನಾದರೂ ಬಿಡಬಾರದೆ? ರಾಣೇಬೆನ್ನೂರಿನ ಗಿರಾಕಿಯೊಬ್ಬರು ಬಂದು, "ಖಾರ ಹೆಂಗೈತ್ರಿ ಸಾವ್ಕಾರ್ರ?" ಎಂದರೆ ಮಾವ ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿಯುವರು.

"ಬಣ್ಣ ನೋಡ್ರಿ, ಮದುವಿ ಸೀರಿ ಇದ್ದಂಗೈತಿ! ಆದ್ರ ಹೊಟ್ಟಿಗೆ ಹಿಡತದಾಗ ಹಾಕ್ರಿ. ಇದರ ಜೋಡಿ ಎರಡು ಸಿವುಡು ಮೆಂತೆಪಲ್ಲೆ ಒಯ್ರಿ. ಮೈಯಾಗ ರಕ್ತ ಆಕ್ಕೈತಿ."

ಅಂಗಡಿಯ ಪಾಲುದಾರರಾದ ಸಾಹೇಬರು ಗಾದಿಯ ಮೇಲಿಂದ ಹಣೆ ಹಣೆ ಬಡಿದುಕೊಳ್ಳುವರು. "ಯಾ ಅಲ್ಲಾ! ಭಾಯಿ, ಮೆಣಸಿನಕಾಯಿ ಅಂಗಡ್ಯಾಗ ಕುಂತು ಪಲ್ಲೆ ಮಾರ್ತೀರಲ್ರೀ! ನಾಳೆ ಪಲ್ಲೆ ಅಂಗಡಿ ಹಾಕಿ ಕೊಡ್ತೇನಿ, ಅಲ್ಲಿ ಕುಂತರ ಮೆಣಸಿನಕಾಯಿ ಖರ್ಚಾದಾವು!"

ಮಾವನ ಎರಡನೆಯ ವ್ರತ, ಅಗಿಯುವುದು. ಒಂದು ತುತ್ತು ಬಾಯಿಗೆ ಹೋಯಿತೆಂದರೆ ಅದರ ಗತಿ ದೇವರಿಗೇ ಪ್ರೀತಿ. ಎಷ್ಟು ಸಲ ಅಗಿಯುತ್ತಾರೆಂದು ಎಣಿಸಲು ಕೂತ ನನಗೆ ಪ್ರತಿ ಸಲವೂ ನಿದ್ದೆ ಬಂದಿದೆ. "ಹಲ್ಲಿನ ಕೆಲಸ ಹೊಟ್ಟಿಗೆ ಹೇಳಬಾರದಪಾ" ಎನ್ನುವರು. ಕುಪ್ಪೇಲೂರಿನಲ್ಲಿ ಒಂದು ಮದುವೆ. ಮಾವ ಕೋಟಿನ ಒಂದು ಜೇಬಿನಲ್ಲಿ ಸೌತೆಕಾಯಿ, ಇನ್ನೊಂದರಲ್ಲಿ ಹಕ್ಕರಿಕೆ ಸೊಪ್ಪು ತುಂಬಿಕೊಂಡು ಬಂದಿದ್ದರು. ಹಸಿ ಸೊಪ್ಪಿಲ್ಲದ ಊಟ ಊಟವೇ ಅಲ್ಲವೆಂದು ಎಡಗಡೆಯವರಿಗೊಂದಿಷ್ಟು, ಬಲಗಡೆಯವರಿಗೊಂದಿಷ್ಟು ಹಂಚಿದರು. ಪಂಕ್ತಿ ಉಂಡು ಎದ್ದಿತು. ಎಲೆ ತೆಗೆದರು. ನೆಲ ಸಾರಿಸಿದರು, ಮಾವನನ್ನು ಬಿಟ್ಟು ಸುತ್ತಲೂ! ಎರಡನೆಯ ಪಂಕ್ತಿ ಕೂತಿತು, ಅದೂ ಎದ್ದಿತು. ಮಾವ ಮೊದಲನೆಯ ಹೋಳಿಗೆಯ ಎರಡನೆಯ ಅಂಚಿಗೆ ಬಂದಿದ್ದರು. ಬಡಿಸುವವನು ಸೌಟು ಹಿಡಿದು ಸೊಂಟದ ಮೇಲೆ ಕೈಯಿಟ್ಟು ಕೇಳಿದ: "ಯಜಮಾನ್ರ, ಈ ಮದುಮಗಳ ಸೀಮಂತಕ್ಕೂ ಇಲ್ಲೇ ಕುಂದರ್ತೀರೋ ಹೆಂಗ?"

ಇಂಥ ಮನುಷ್ಯನನ್ನು ಅಣಕಿಸದೆ ಇರಲು ಯಾರಿಂದ ಸಾಧ್ಯ? ನನಗಂತೂ ಎಲ್ಲರ ದನಿಯೂ ಗಂಟಲಿಗೆ ಬರುತ್ತಿತ್ತು. ಕಾಲೇಜಿನ ಮೇಷ್ಟರು, ಬಸ್ಸಿನ ಕಂಡಕ್ಟರು, ನೆಗಡಿಯಾದಾಗ ಸ್ವತಃ ನಾನು! ಎಲ್ಲರಿಗಿಂತ ಬೇಡಿಕೆಯಿದ್ದದ್ದು ಮಾವನ ದನಿಗೆ. ಹಾವೇರಿ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಭಜಿಯ ಗಾಡಿಯ ಮುಂದೆ ಗೆಳೆಯರನ್ನು ನಿಲ್ಲಿಸಿಕೊಂಡು ಒಂದು ಸಂಜೆ ಶುರು ಮಾಡಿದೆ: "ತಮ್ಮಾ, ಈ ಎಣ್ಣಿ ಎಷ್ಟು ಸಲ ಕುದ್ದೈತಿ? ಇದು ಎಣ್ಣಿ ಅಲ್ಲೋ, ನಿನ್ನ ಹೊಟ್ಟಿಗೆ ಬರೂ ಬ್ಯಾನಿ!" ಗೆಳೆಯರು ನಗಲಿಲ್ಲ. ಎಲ್ಲರೂ ನನ್ನ ಹೆಗಲ ಮೇಲಿಂದ ಆಚೆ ನೋಡುತ್ತಿದ್ದರು. ಕೋರ್ಟಿನ ಕೆಲಸಕ್ಕೆ ಬಂದಿದ್ದ ಮಾವ ಕೊಡೆಯೂರಿ ನಿಂತಿದ್ದಾರೆ!

"ದನಿ ಖರೇನ ಬಂದೈತಿ," ಎಂದರು ಮಾವ, ಸ್ವಲ್ಪವೂ ಸಿಟ್ಟಿಲ್ಲದೆ. "ಆದ್ರ ನಾ ಈ ಮಾತು ಆಡೂ ಮುಂದ ನನ್ನ ಕೈಯಾಗ ಮಿರ್ಚಿ ಇರೂದಿಲ್ಲ."

ಇಷ್ಟೆಲ್ಲ ನಗೆಯ ಮಾತಾಯಿತು. ಆ ವರ್ಷ ಅತ್ತೆ ಬಡಕಲಾಗತೊಡಗಿದರು. ರೊಟ್ಟಿ ಬಡಿಯುತ್ತಾ ನಡುವೆ ಕೈ ನಿಲ್ಲಿಸಿ ಗೋಡೆಗೆ ಒರಗುವರು. ಕೊಡ ಎತ್ತಿದರೆ ಏದುಸಿರು. ಒಂದು ದಿನ ಬಚ್ಚಲ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದೇ ಬಿಟ್ಟರು. ಮಾವ ಅವರನ್ನು ರಾಣೇಬೆನ್ನೂರಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. "ಮೈಯಾಗ ರಕ್ತ ಇಲ್ರಿ," ಎಂದರಂತೆ ಡಾಕ್ಟರಮ್ಮ, "ಗುಳಿಗಿ ಕೊಡ್ತೇನಿ. ಆದ್ರ ಹೊಟ್ಟಿತುಂಬ ಚಲೋ ಊಟ ಆಗಬೇಕು. ಹಿಂಗ ಬಿಟ್ರ ಎದಿಗೆ ತ್ರಾಸ ಆಕ್ಕೈತಿ."

ಊರಿಗೆಲ್ಲ ರಕ್ತ ಹಂಚುತ್ತಿದ್ದವರ ಮನೆಯಲ್ಲೇ ರಕ್ತಕ್ಕೆ ಬರ! ಮಾವ ಆವತ್ತು ಬಸ್ಸಿಳಿದು ಯಾರಿಗೂ ಉಪದೇಶ ಮಾಡದೆ ನೆಟ್ಟಗೆ ಮನೆಗೆ ಬಂದರು. ಮರುದಿನದಿಂದ ಬಟ್ಟಲು ಸೇವೆ ಆರಂಭ. ಮೊಳಕೆ ಬಂದ ಹೆಸರು, ಶೇಂಗಾ, ಬೆಲ್ಲ, ನುಗ್ಗೆಸೊಪ್ಪಿನ ಪಲ್ಯ, ಜೊತೆಗೊಂದು ಲೋಟ ಹಾಲು. ನೆನೆ ಹಾಕುವುದೂ ಅವರೇ, ಸೋಸುವುದೂ ಅವರೇ. ಬೆಳಿಗ್ಗೆ ಅಡುಗೆಮನೆಯಲ್ಲಿ ಮುಚ್ಚಿಟ್ಟು, "ತಿನ್ನು, ಮರೀಬ್ಯಾಡ" ಎಂದು ಹೇಳಿ ಅಂಗಡಿಗೆ ಹೋಗುವರು.

ಮಾವನ ಚಪ್ಪಲಿಯ ಸದ್ದು ಓಣಿ ದಾಟುವುದೇ ತಡ, ಅತ್ತೆ ಕರೆಯುವರು: "ಬಾರೋ ಹುಡುಗಾ, ಕಾಳು ಹಳಸಿ ಹೋಗ್ತಾವ."

"ನೀವು ತಿನ್ರಿ ಅತ್ತಿ."

"ನಂದು ಆಮ್ಯಾಲ ಇದ್ದದ್ದ. ನೀ ಓದೂ ಹುಡುಗ, ತಿನ್ನು."

ಓದುವ ಹುಡುಗ! ನನ್ನ ಬಗ್ಗೆ ಆ ಮಾತು ಹೇಳಿದವರು ಜಗತ್ತಿನಲ್ಲಿ ಅವರೊಬ್ಬರೇ. ಆ ಖುಷಿಗೇ ಬಟ್ಟಲು ನೆಕ್ಕಿಡುತ್ತಿದ್ದೆ. ನನ್ನ ಕೆನ್ನೆ ತುಂಬಿತು. ಅಂಗಿಯ ಗುಂಡಿಗಳು ಕ್ಲಾಸಿನಲ್ಲಿ ಸಿಡಿದು ಮುಂದಿನ ಬೆಂಚಿಗೆ ಬಡಿಯತೊಡಗಿದವು. ಸಾಹೇಬರು ನನ್ನ ಬೆನ್ನು ಚಪ್ಪರಿಸಿ, "ಮಾವನ ಮನಿ ನೀರು ಹಿಡೀತು ಬಿಡು ನಿನಗ!" ಎಂದರು. ನೀರಲ್ಲ ಎಂಬುದು ನನಗೂ ಅತ್ತೆಗೂ ಮಾತ್ರ ಗೊತ್ತಿತ್ತು.

ಕೆಲವು ವಾರಗಳ ಮೇಲೆ ಡಾಕ್ಟರಮ್ಮ ಮತ್ತೆ ನೋಡಿದರು. ರಕ್ತ ಏರಿರಲಿಲ್ಲ, ಇನ್ನೂ ಇಳಿದಿತ್ತು. ಹಿಂಗೇ ಆದರೆ ಆಸ್ಪತ್ರೆಗೆ ಸೇರಿಸಿ ಬೇರೆಯವರ ರಕ್ತ ಹಾಕಬೇಕಾಗುತ್ತದೆ ಎಂದರಂತೆ. ಆ ಸಂಜೆ ಮಾವ ಪಡಸಾಲೆಯಲ್ಲಿ ದೀಪ ಹಚ್ಚದೆ ಕೂತಿದ್ದರು. "ನುಗ್ಗಿಸೊಪ್ಪಿಗೂ ಮೋಸ ಬಂತೇನೋ ತಮ್ಮಾ?" ಎಂದು ನನ್ನನ್ನು ಕೇಳಿದರು. ಅಂಥ ಪ್ರಶ್ನೆಗೆ ಯಾವ ದನಿಯಲ್ಲಿ ಉತ್ತರ ಕೊಡಲಿ? ಎದ್ದು ಹೋಗಿ ದೀಪ ಹಚ್ಚಿದೆ. ಮರುದಿನ ಅವರು ಬಟ್ಟಲನ್ನು ಇನ್ನೂ ದೊಡ್ಡದು ಮಾಡಿದರು.

ಆ ದೊಡ್ಡ ಬಟ್ಟಲು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಅತ್ತೆ ತಿನ್ನಲೇಬೇಕು. ನಾನು ಹೇಳಿದರೆ ಕೇಳುವುದಿಲ್ಲ, ಮಾವ ಹೇಳಿದರೆ? ಮಾವ ಅಂಗಡಿಗೆ ಹೊರಟ ಮೇಲೆ ಅಡುಗೆಮನೆಯ ಬಾಗಿಲ ಮರೆಗೆ ನಿಂತು ಗಂಟಲು ಸರಿಮಾಡಿಕೊಂಡೆ. ಮಾವನ ದನಿ ತೆಗೆದೆ: "ಏ, ಇನ್ನೂ ತಿಂದಿಲ್ಲೇನು? ನನ್ನ ಕಣ್ಣಮುಂದ ಖಾಲಿ ಆಗಬೇಕು ಬಟ್ಟಲ! ಆ ಹೊಟ್ಟಿಬಾಕಗ ಒಂದ ಕಾಳು ಕೊಡಬ್ಯಾಡ!"

ಒಳಗೆ ಬಳೆಯ ಸದ್ದು ನಿಂತಿತು. ಆಮೇಲೆ ಅತ್ತೆಯ ಸಣ್ಣ ದನಿ, ಬಾಗಿಲ ಆಚೆಯಿಂದ.

"ನೀವು ಉಣ್ಣದ ನಾ ಬಾಯಾಗ ಏನರ ಹಾಕ್ಕೊಂಡೇನೇನು, ಈ ಮನಿಗೆ ಬಂದಾಗಿನಿಂದ? ಕಾಳು ಅಲ್ಲೀಮಟ ಇರೂದಿಲ್ಲ, ಹುಡುಗಗ ಕೊಡ್ತೇನಿ. ಮಧ್ಯಾಹ್ನ ನೀವು ಬರ್ತೀರಿ. ಗಂಗಾಳದ ಮುಂದ ಕುಂತು ಅಗೀತೀರಿ, ಅಗೀತೀರಿ... ನೀವು ಏಳೂದರಾಗ ನನ್ನ ಹಸಿವು ಸತ್ತು ಹೋಗಿರತೈತಿ. ಒಂದು ತುಣುಕು ತಂಗಳ ರೊಟ್ಟಿ ತಿಂದು ನೀರು ಕುಡದು ಏಳ್ತೇನಿ. ತಪ್ಪು ತಿಳ್ಕೋಬ್ಯಾಡ್ರಿ, ಕೇಳಿದ್ರಿ ಅಂತ ಹೇಳಿದೆ."

ಮುಂದಿನ ಮಾತು ಮಾವನ ದನಿಯಲ್ಲಿ ಬರಬೇಕಿತ್ತು, ಬರಲಿಲ್ಲ. ಹಿಂತಿರುಗಿ ನೋಡಿದೆ. ಮರೆತ ಕನ್ನಡಕಕ್ಕಾಗಿ ತಿರುಗಿ ಬಂದಿದ್ದ ಮಾವ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಕಪಾಳಕ್ಕೆ ಬೀಳುತ್ತದೆಂದು ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ತೆರೆದಾಗ ಮಾವನ ಕೊರಳ ಗಂಟು ಮೇಲೆ ಕೆಳಗೆ ಆಗುತ್ತಿತ್ತು. ಅಷ್ಟು ವರ್ಷ ಅಷ್ಟೊಂದು ಅಗಿದವರಿಗೆ ಆ ಒಂದು ಮಾತು ನುಂಗಲು ಆಗುತ್ತಿರಲಿಲ್ಲ.

ಅವರು ಅಂಗಡಿಗೆ ಹೋಗಲಿಲ್ಲ. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಅಡುಗೆಮನೆಗೆ ಹೋಗಿ, ತಾವೇ ಎರಡು ಗಂಗಾಳ ಎದುರುಬದುರು ಇಟ್ಟು ನೆಲದ ಮೇಲೆ ಕೂತರು.

"ಕುಂದ್ರು," ಎಂದರು.

"ಅಯ್ಯ, ಹುಚ್ಚು ಹಿಡೀತೇನ್ರೀ? ಇಷ್ಟೊತ್ತಿಗೆ? ನಿಮ್ಮ ಎದುರಿಗೆ? ಯಾರರ ನೋಡಿದ್ರ ನಕ್ಕಾರು!"

"ನಗಲಿ. ನೀ ಬಾಯಾಗ ತುತ್ತು ಇಡೂತನಕ ನಾ ಇಡೂದಿಲ್ಲ. ಇವತ್ತಿಂದ ಹಿಂಗ."

ಅತ್ತೆ ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಗೋಡೆಯಾಗಲು ಪ್ರಯತ್ನಿಸಿದೆ. ಸೆರಗು ಬಿಗಿದುಕೊಂಡು ಮುದುಡಿ ಕೂತು ಬಿಸಿ ರೊಟ್ಟಿಯ ಮೊದಲ ತುಣುಕು ಮುರಿದರು. ಅದು ಹೋದ ಮೇಲೆ ಇನ್ನೊಂದು. ಆಮೇಲೆ ಯಾರ ಕಡೆಯೂ ನೋಡಲಿಲ್ಲ. ನುಗ್ಗೆಸೊಪ್ಪು ಹೋಯಿತು, ಕಾಳು ಹೋದವು, ಗಂಗಾಳದ ತಳ ಕಾಣಿಸಿತು. ಮಾವ ಕಣ್ಣು ಒರೆಸಿಕೊಂಡರು. ಇಷ್ಟಕ್ಕೆ ಸುಮ್ಮನಿದ್ದರೆ ಅವರು ಮಾವ ಹೇಗಾದಾರು? ಒಂದು ಬೆರಳೆತ್ತಿ ಶುರು ಮಾಡಿಯೇಬಿಟ್ಟರು: "ನೋಡು, ರಕ್ತ ಆಗಬೇಕಂದ್ರ ಮೊದಲ..."

ಅತ್ತೆ ತಲೆಯೆತ್ತಲಿಲ್ಲ. ಖಾಲಿ ಗಂಗಾಳವನ್ನು ಅವರ ಕಡೆ ಸರಿಸಿದರು.

"ಮಾತು ಆಮ್ಯಾಲ ಆಡ್ರಿ. ಹಸಿವಾಗೇತಿ, ಇನ್ನೊಂದು ರೊಟ್ಟಿ ನೀಡ್ರಿ."